ಬೆಟ್ಟದ ನಕ್ಷೆ ಬಿಡಿಸಿದವಳು

ಪೀ... ಈ... ಈ...!

ಕಿವಿಯ ಪಕ್ಕದಲ್ಲೇ ಸೀಟಿ ಕೂಗಿತು. ಅವಳು ಚೀರಿದಳು. ಕೈಯಲ್ಲಿದ್ದ ನಕ್ಷೆಗಳ ಸುರುಳಿ ಜಾರಿ ಮೇಜಿನ ಮೇಲೆ ಬಿತ್ತು. ಹಳಿ ಬರೆದ ಬಿಲ್ಲೆಗಳು, ಪುಟ್ಟ ಮರದ ರೈಲುಗಳು, ಷೇರು ಚೀಟಿಗಳು... ಬೆಳಗಿನಿಂದ ನಡೆದಿದ್ದ ಆಟವೆಲ್ಲ ನೆಲದ ಪಾಲು!

"ಅಯ್ಯೋ, ಅಪರೂಪಕ್ಕೆ ನಾನು ಗೆಲ್ತಾ ಇದ್ದೆ ಕಣ್ರೋ!" ಆಟದ ಅಂಗಡಿಯ ಒಡತಿ ತಲೆ ಚಚ್ಚಿಕೊಂಡಳು.

ಸೀಟಿ ಊದಿದವನು ಮಾತ್ರ ನಗಲಿಲ್ಲ, ಗದರಲೂ ಇಲ್ಲ. ಬಿಲ್ಲೆ ಆರಿಸುತ್ತಿದ್ದ ಅವಳ ಬೆರಳುಗಳನ್ನೇ ನೋಡಿದ. ಎತ್ತಿದ ಬಿಲ್ಲೆ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು.

"ಹೊಸ ಸುತ್ತು ಶುರುವಾದಾಗ ಊದೋ ಅಭ್ಯಾಸ... ಕ್ಷಮಿಸಿ. ಇನ್ಮೇಲೆ ಊದಲ್ಲ."

ಎಲ್ಲರೂ ಅವನನ್ನು 'ಗಾರ್ಡ್' ಎನ್ನುತ್ತಿದ್ದರು. ರೈಲ್ವೆಯವನಲ್ಲ, ಮೇಜಿನ ಮೇಲೆ ನಕ್ಷೆ ಹರಡಿ ಆಡುವ ರೈಲು ಕಂಪನಿಗಳ ಆಟಗಳನ್ನು ರೂಪಿಸುವವನು. ಒಂದೊಂದು ಆಟಕ್ಕೆ ಒಂದೊಂದು ಸೀಮೆ. ಮರುಭೂಮಿ, ಕರಾವಳಿ, ಬೆಟ್ಟ. ಆಟಗಾರರು ಕಂಪನಿಗಳ ಷೇರು ಕೊಳ್ಳಬೇಕು, ಹಳಿ ಹಾಸಬೇಕು, ರೈಲು ಓಡಿಸಬೇಕು. ಯಾರ ಬಳಿ ಹೆಚ್ಚು ಷೇರೋ ಅವರೇ ಕಂಪನಿಯ ಅಧ್ಯಕ್ಷರು. ಆ ಸೀಮೆಗಳ ನಕ್ಷೆ ಬಿಡಿಸುವುದಕ್ಕೆ ಒಡತಿ ಅವಳನ್ನು ಕರೆಸಿದ್ದಳು.

ಅವಳೋ, ರೈಲು ಹತ್ತಿ ವರ್ಷಗಳೇ ಆಗಿದ್ದವು. ಚಿಕ್ಕವಳಿದ್ದಾಗ ಅಮ್ಮನ ಜೊತೆ ಕೂತಿದ್ದ ಬೋಗಿ ಸುರಂಗದೊಳಗೆ ಹಳಿ ತಪ್ಪಿತ್ತು. ಕತ್ತಲು... ಹೊಗೆ... ತಣ್ಣಗಾದ ಅಮ್ಮನ ಕೈಯನ್ನು ಯಾರೋ ಬಂದು ಬಿಡಿಸುವವರೆಗೂ ಅವಳು ಹಿಡಿದೇ ಇದ್ದಳು. ಸಾಕಿದ ಚಿಕ್ಕಮ್ಮನಿಗೆ ಬಿಟ್ಟರೆ, ಮದುವೆಗೆ ಒಪ್ಪಿದ್ದ ಹುಡುಗನೊಬ್ಬನಿಗೆ ಮಾತ್ರ ಇದನ್ನು ಹೇಳಿದ್ದಳು. "ಮಾತು ಮಾತಿಗೂ ಬೆಚ್ಚಿಬೀಳೋಳ ಜೊತೆ ಬಾಳೋದು ಹೇಗೆ?" ಎಂದು ಅವನು ಕೈ ಕೊಡವಿಕೊಂಡಿದ್ದ.

ಕಾಗದದ ಮೇಲಿನ ರೈಲು ಅಷ್ಟು ಹೆದರಿಸಲಿಲ್ಲ. ಮರುಭೂಮಿ ಮುಗಿಸಿದಳು. ಕರಾವಳಿ ಮುಗಿಸಿದಳು. ಬೆಟ್ಟದ ನಕ್ಷೆಯಲ್ಲಿ ಸುರಂಗದ ಕಪ್ಪು ಬಾಯಿಯ ಹತ್ತಿರ ಬಂದಾಗ ಮಾತ್ರ ಕುಂಚ ಮುಂದೆ ಹೋಗಲಿಲ್ಲ.

"ಯಾಕೆ, ಏನಾಯ್ತು?" ಎಂದ ಗಾರ್ಡ್ ಮೆಲ್ಲಗೆ.

ಹೇಳಿಬಿಟ್ಟಳು. ಎಲ್ಲವನ್ನೂ!

ಅವನು ನೀರಿನ ಲೋಟ ಅವಳ ಮುಂದೆ ಸರಿಸಿ ಪಕ್ಕದಲ್ಲೇ ಕೂತ. 'ಇವನು ಎದ್ದು ಹೋಗಲಿಲ್ಲ...' ಅವಳ ಕಣ್ಣು ತುಂಬಿ ಬಂತು.

ಸುರಂಗ ಬಿಡಿಸುವುದು ಬಾಕಿ ಇದ್ದರೂ, ಮರುದಿನವೇ ಆ ಅರ್ಧ ನಕ್ಷೆಯ ಮೇಲೆ ಬೆಟ್ಟದ ಆಟವನ್ನು ಆಡಿ ನೋಡುವ ದಿನ. ಅವನು ಶುರುಮಾಡಿದ ಕಂಪನಿಯಲ್ಲಿ ನಂಬಿಕೆಯಿಂದ ಅವಳೂ ಷೇರು ಕೊಂಡಳು. ಆಟದ ನಿಯಮದಂತೆ ಹಳೆಯ ರೈಲುಗಳು ಗುಜರಿ ಸೇರುವ ಹೊತ್ತು ಹತ್ತಿರವಾಗುತ್ತಿದ್ದಂತೆ ಗಾರ್ಡ್ ತನ್ನ ಷೇರುಗಳನ್ನೆಲ್ಲ ಮಾರಿ ಹೊರಬಿದ್ದ. ಅಧ್ಯಕ್ಷ ಪಟ್ಟ ಅವಳ ಪಾಲಿಗೆ ಬಂತು. ಸ್ವಲ್ಪ ಹೊತ್ತಿಗೇ ಕಂಪನಿಯಲ್ಲಿ ಒಂದು ರೈಲೂ ಉಳಿಯಲಿಲ್ಲ. ಅಧ್ಯಕ್ಷರೇ ಕೈಯಿಂದ ದುಡ್ಡು ಹಾಕಿ ಕೊಳ್ಳಬೇಕಾದ ಹೊಸ ರೈಲನ್ನು ಕೊಳ್ಳಲಾಗದೆ ಅವಳು ದಿವಾಳಿ!

"ಮುಳುಗೋದನ್ನ ಇನ್ನೊಬ್ಬರ ತಲೆಗೆ ಕಟ್ಟಿ ಜಾರಿಕೊಳ್ಳೋದ್ರಲ್ಲಿ ಇವನನ್ನ ಮೀರಿಸೋರಿಲ್ಲ!" ಒಡತಿ ನಕ್ಕಳು. ಅವನೂ ನಕ್ಕ.

ಅವಳು ಅವನ ನಗುವನ್ನೇ ನೋಡಿದಳು. 'ನಿನ್ನೆ ಹೇಳಿದ್ದಕ್ಕೆ ಇದೇನಾ ಉತ್ತರ?'

ಕುಂಚಗಳನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಅವನ ಫೋನ್ ಎತ್ತಲಿಲ್ಲ. ಬಾಗಿಲವರೆಗೂ ಬಂದವನನ್ನು ಚಿಕ್ಕಮ್ಮನ ಬಾಯಲ್ಲಿ 'ಮನೇಲಿಲ್ಲ' ಅನ್ನಿಸಿ ಕಳಿಸಿದಳು.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಒಡತಿಯ ಫೋನ್ ಬಂತು. ದನಿ ಒಡೆದಿತ್ತು.

"ಗಾರ್ಡ್ ಬೆಟ್ಟದ ಕಡೆ ಹೋಗಿದ್ದ. ಸುರಂಗನೆಲ್ಲ ಕಣ್ಣಾರೆ ನೋಡ್ಕೊಂಡು ಬಂದು ತಾನೇ ಬಿಡಿಸ್ತೀನಿ, ಅವಳಿಗೆ ಆ ಹಿಂಸೆ ಬೇಡ ಅಂದ... ಈಗ ಗುಡ್ಡ ಕುಸಿದು ಸುರಂಗದ ಬಾಯಿ ಮುಚ್ಚಿದೆಯಂತೆ. ರೈಲು ಒಳಗಿದೆ. ಅವನ ಫೋನ್ ಹೋಗ್ತಿಲ್ಲ ಕಣೇ..."

ಫೋನ್ ಇಟ್ಟವಳೇ ಹೊರಡಲು ಎದ್ದಳು.

ರಸ್ತೆ ಕೊಚ್ಚಿಹೋಗಿತ್ತು. ಕುಸಿತದ ಈಚೆಗಿನ ನಿಲ್ದಾಣದವರೆಗೆ ರೈಲು ಮಾತ್ರ ಓಡುತ್ತಿತ್ತು.

"ಗುಬ್ಬಚ್ಚಿ, ಲಿಫ್ಟ್ ಹತ್ತೋಕೂ ನನ್ನ ಕೈ ಹಿಡ್ಕೊಳ್ಳೋಳು ನೀನು!" ಪ್ಲಾಟ್‌ಫಾರ್ಮಿನಲ್ಲಿ ಚಿಕ್ಕಮ್ಮ ಅವಳ ತೋಳು ಬಿಡಲಿಲ್ಲ. "ಹೋಗಲೇಬೇಕು ಅಂದ್ರೆ ನಾನೂ ಬರ್ತೀನಿ."

"ಬೇಡ ಚಿಕ್ಕಮ್ಮ. ನೀನು ಬಂದ್ರೆ ನಿನ್ನ ಮಡಿಲಲ್ಲಿ ಮುಖ ಮುಚ್ಕೊಂಡು ಮುಂದಿನ ಸ್ಟೇಷನ್ನಲ್ಲೇ ಇಳಿದುಬಿಡ್ತೀನಿ."

ರೈಲು ಅಲುಗಿತು. ಬೋಗಿ ಓಲಾಡಿದಾಗಲೆಲ್ಲ 'ಈಗ ಉರುಳಿತು... ಈಗ...' ಎಂದು ಸೀಟಿನ ಅಂಚನ್ನು ಉಗುರು ಬಿಳಿಚುವಂತೆ ಹಿಡಿದಳು. ಎದುರಿನ ಹೆಂಗಸು ಏನೋ ಕೇಳಿದ್ದು ಕಿವಿಗೇ ಬೀಳಲಿಲ್ಲ.

ಸುರಂಗ ಬಂತು.

ಕತ್ತಲು! ಅದೇ ಕಬ್ಬಿಣದ ವಾಸನೆ! 'ಅಮ್ಮಾ...' ಎದ್ದು ಓಡಬೇಕು. ಎಲ್ಲಿಗೆ? ಅವನೂ ಇಂಥದೇ ಕತ್ತಲಲ್ಲಿ ಕೂತಿರಬಹುದು. ಪಕ್ಕದಲ್ಲಿ ಯಾರಾದರೂ ಇದ್ದಾರೋ ಇಲ್ಲವೋ... ಅವಳು ಬಾಯಿಬಿಟ್ಟು ಅತ್ತಳು. ಅಳುತ್ತಲೇ ಕೂತಳು. ಏಳಲಿಲ್ಲ.

ಬೆಳಕು ಬಂದಾಗ ಎದುರಿನ ಹೆಂಗಸು ಅವಳ ಎರಡೂ ಕೈ ಹಿಡಿದುಕೊಂಡಿದ್ದಳು.

ಕೊನೆಯ ನಿಲ್ದಾಣದಲ್ಲಿ ಜನವೋ ಜನ. ಮಣ್ಣು ಸರಿಸಿ ದಾರಿ ಮಾಡಿದ್ದರು. ಸುರಂಗದಿಂದ ಹೊರಬಂದವರು ಕಂಬಳಿ ಹೊದ್ದು ಹಳಿಗುಂಟ ನಡೆದು ಬರುತ್ತಿದ್ದರು. ಒಂದೊಂದೇ ಮುಖ ನೋಡಿದಳು. ಇವನಲ್ಲ. ಇವನೂ ಅಲ್ಲ. ಸಾಲು ಮುಗಿಯುತ್ತಾ ಬಂತು. ದೇವರೇ, ಇವನೂ ಅಲ್ಲ...

ಎಲ್ಲರಿಗಿಂತ ಹಿಂದೆ, ಒಬ್ಬ ಮುದುಕನಿಗೆ ಹೆಗಲು ಕೊಟ್ಟು ಕುಂಟುತ್ತ ಬಂದ.

ಅವಳನ್ನು ಕಂಡು ಅಲ್ಲೇ ನಿಂತ. "ನೀನು... ಹೇಗೆ ಬಂದೆ?"

"ರೈಲಲ್ಲಿ."

ಅವನು ಮುದುಕನನ್ನು ಬೆಂಚಿನ ಮೇಲೆ ಕೂರಿಸಿ ಅವಳೆದುರು ಬಂದು ನಿಂತ.

"ಆವತ್ತು ಯಾಕೆ ಹಾಗೆ ಮಾಡಿದ್ರಿ?" ಅಳು ಉಕ್ಕಿತು. "ಎಲ್ಲ ಹೇಳ್ಕೊಂಡ ಮಾರನೇ ದಿನವೇ..."

"ಗೆಲ್ಲೋಕೆ. ಅಷ್ಟೇ. ಸುಳ್ಳು ಹೇಳಲ್ಲ. ಬೋರ್ಡ್ ಮೇಲಿನ ಲೆಕ್ಕ ನೋಡ್ದೆ, ನಿನ್ನ ಮುಖ ನೋಡ್ಲಿಲ್ಲ. ನೀನು ಎದ್ದು ಹೋದ ಮೇಲೆ ಗೊತ್ತಾಯ್ತು, ಏನು ಮಾಡ್ದೆ ಅಂತ." ಅವನ ದನಿ ಇಳಿಯಿತು. "ಒಳಗೆ ಕೂತಾಗ ಅಂದ್ಕೊಂಡೆ... ನೀನಂದ್ರೆ ನನಗೆ ಪ್ರಾಣ ಅನ್ನೋದನ್ನೂ ಹೇಳದೆ ಸಾಯ್ತೀನೇನೋ ಅಂತ."

ಅವಳು ಅವನ ಮಣ್ಣಾದ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು. "ಈಗ ಹೇಳಿದ್ರಲ್ಲ. ನನಗೂ ಅಷ್ಟೇ..."

ಹಿಂತಿರುಗುವ ರೈಲು ಸಿದ್ಧವಾಗಿತ್ತು. ಅವನ ಕಾಲು ಮೆಟ್ಟಿಲ ಬಳಿ ತಡೆಯಿತು.

"ದಾರೀಲಿರೋ ಆ ಇನ್ನೊಂದು ಸುರಂಗ ದಾಟಲೇಬೇಕಾ? ನನಗೆ... ಭಯ ಆಗ್ತಿದೆ ಕಣೇ."

ಅವಳು ಅವನ ಕೈ ಹಿಡಿದಳು. ಅವಳ ಬೆರಳೂ ಬೆವೆತಿತ್ತು.

"ಕಿಟಕಿ ಪಕ್ಕ ನಾನು ಕೂತ್ಕೋತೀನಿ. ಸುರಂಗ ಬರ್ತಿದೆ ಅಂದಾಗ ನೀವು ಕಣ್ಣು ಮುಚ್ಕೊಳ್ಳಿ."

"ಮತ್ತೆ ನೀನು?"

"ನಾನು ಬಿಟ್ಕೊಂಡೇ ಇರ್ತೀನಿ. ದಾಟಿದ್ವಿ ಅಂತ ನಿಮಗೆ ಯಾರಾದ್ರೂ ಹೇಳ್ಬೇಕಲ್ಲ!"