ತಳದ ಸಂದಿನ ಜಡೆ

“ಬೇರೆ ಸಂದುಗಳನ್ನೆಲ್ಲ ಏನ್ ಬೇಕಾದ್ರೂ ಮಾಡ್ಕೊಳ್ಳಿ. ಇದೊಂದನ್ನ ಮಾತ್ರ ಮುಟ್ಟಬೇಡಿ,” ಎಂದಳು ಹಾಯಿದೋಣಿಯನ್ನು ಮಾರಿದ ವಿಧವೆ.

ಅವಳು ನೆಲದ ಹಲಗೆಯೊಂದನ್ನು ಎತ್ತಿ ಟಾರ್ಚು ಹಿಡಿದಿದ್ದಳು. ದೋಣಿಯ ತಳದ ಕತ್ತಲಿನಿಂದ ಹಳೇ ಡಾಂಬರು, ಉಪ್ಪು, ಒಣಗದ ತಲೆಗೂದಲು ಎಲ್ಲ ಬೆರೆತ ವಾಸನೆ ಮೇಲೆದ್ದಿತು. ಉಳಿದ ಹಲಗೆಗಳ ಸಂದಿಗೆಲ್ಲ ನೀರು ಬರದಂತೆ ಹತ್ತಿಯ ನೂಲು ಜಡಿದಿತ್ತು. ತಳದ ದಿಮ್ಮಿಯ ಪಕ್ಕದ ಈ ಒಂದು ಸಂದಿಗೆ ಮಾತ್ರ ಹೆಣೆದ ಜಡೆ ಜಡಿದಿತ್ತು. ಅದರೊಳಗಿಂದ ತೊಟ್ ತೊಟ್ ಎಂದು ನೀರು ಒಸರುತ್ತಿತ್ತು.

“ನಮ್ಮತ್ತೆ ಕೂದಲು. ಅವರು ಹುಡುಗಿಯಾಗಿದ್ದಾಗ ಅವರಪ್ಪ ದೋಣಿ ಮುಳುಗಬಾರದು ಅಂತ ಮಾಟ ಮಾಡಿಸಿ ಇಟ್ಟಿದ್ದು. ಅವತ್ತಿಂದ ಇದಕ್ಕೆ ಬಾಯಾರಿಕೆ. ಕೂದಲಿದ್ರೆ ದಿನಾ ಒಂದು ಬಕೆಟ್ ಸಮುದ್ರದ ನೀರು ಕುಡಿದು ಸುಮ್ನಿರುತ್ತೆ, ಎತ್ತಿ ಚೆಲ್ಲಿದ್ರಾಯ್ತು. ಕಿತ್ತರೆ ಒಳಗಿರೋರನ್ನ ಕುಡಿಯುತ್ತೆ. ಹೊಸ ಕೂದಲು ಕೊಡೋವರೆಗೂ ಬಿಡಲ್ಲ. ಕೊಟ್ಟೋರು ಮತ್ತೆ ನೆಲ ತುಳಿಯೋ ಹಾಗಿಲ್ಲ. ನಮ್ಮತ್ತೆ ಬದುಕಿದ್ದೂ ಇದರೊಳಗೇ, ಸತ್ತಿದ್ದೂ ಇದರೊಳಗೇ.”

ದೋಣಿ ಕೊಂಡ ಹಲ್ಲಿನ ಡಾಕ್ಟರ್ ತನ್ನ ಬೋಳುತಲೆಯ ಮೇಲೆ ಕೈಯಾಡಿಸಿಕೊಂಡ. “ನನ್ನ ತಲೆ ನೋಡಿಯಮ್ಮ. ಅದು ಕೇಳಿದ್ರೂ ಕೊಡೋಕೆ ನನ್ನ ಹತ್ರ ಏನಿದೆ?”

ಅವನ ಮಗಳು ಗುಬ್ಬಿ ಕಿಲಕಿಲನೆ ನಕ್ಕಳು. ತಾಯಿ ತೀರಿಕೊಂಡ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆ ನಗು ಕೇಳಿದ ಮೇಲೆ ಅವನಿಗೆ ಬೇರೆ ಯಾವ ಮಾತೂ ಕಿವಿಗೆ ಬೀಳಲಿಲ್ಲ. ಹೆಂಡತಿಯ ನೆನಪೇ ತುಂಬಿದ್ದ ಮನೆಗೆ ಬೀಗ ಹಾಕಿ, ದವಾಖಾನೆ ಬಿಟ್ಟು, ಮಗಳ ಮುಖದಲ್ಲಿ ಇದೊಂದು ನಗು ಕಾಣಲೆಂದೇ ಅವನು ಬಂದರಿಗೆ ಬಂದಿದ್ದ. ವಿಧವೆ ನಗಲಿಲ್ಲ. ಹುಡುಗಿಯ ಸೊಂಟದವರೆಗೆ ಇಳಿದಿದ್ದ ಜಡೆಯನ್ನು ನೋಡಿ, ಸೆರಗು ಬಿಗಿಯಾಗಿ ಹೊದ್ದುಕೊಂಡು ಇಳಿದುಹೋದಳು.

ದೋಣಿಯನ್ನು ದಡಕ್ಕೆಳೆಸಿ ಕೆಲಸಕ್ಕೆ ಕೂತ. ಕೈ ಚುರುಕಿನ ಮನುಷ್ಯ, ಅದನ್ನು ಇಲ್ಲವೆನ್ನಬಾರದು. ಬಣ್ಣ ಕೆರೆದ, ಕೊಳೆತ ಹಲಗೆ ತೆಗೆದು ಹೊಸದು ಕೂರಿಸಿದ, ಹಾಯಿಕಂಬಕ್ಕೆ ಎಣ್ಣೆ ಉಣಿಸಿದ. ಸಂದುಗಳ ಹಳೇ ನೂಲನ್ನು ಹಲ್ಲು ಕೆರೆಯುವ ಕೊಕ್ಕೆಯಿಂದಲೇ ಕಿತ್ತ. “ಹುಳುಕು ಹಲ್ಲಿದ್ದ ಹಾಗೆ ಗುಬ್ಬಿ. ಅರ್ಧ ಬಿಟ್ಟರೆ ಮತ್ತೆ ನೋಯುತ್ತೆ,” ಎನ್ನುತ್ತ ತಳದ ಸಂದಿಗೂ ಕೊಕ್ಕೆ ಹಾಕಿದ.

ಎಳೆದಷ್ಟೂ ಕೂದಲು ಬಂತು. ಬೇಸಿಗೆಯುದ್ದಕ್ಕೂ ಬಿಸಿಲಿನಲ್ಲಿ ಒಣಗಿದ್ದ ದೋಣಿಯಿಂದ ಬಂದ ಆ ಜಡೆ ಒದ್ದೆಯಾಗಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಬುದ್ಧಿಯಿದ್ದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ಇವನು ಅದನ್ನು ಬಂದರಿನ ನೀರಿಗೆಸೆದು, ಸಂದಿಗೆ ನೂಲಿನ ಬದಲು ಕಲ್ಲಿನಂತೆ ಗಟ್ಟಿಯಾಗುವ ಅಂಟನ್ನು ತುಂಬಿ ನುಣ್ಣಗೆ ಉಜ್ಜಿದ. ಹಲ್ಲು ಉಬ್ಬುವುದಿಲ್ಲ. ಮರ ನೀರು ಕುಡಿದರೆ ಉಬ್ಬುತ್ತದೆ, ಅದಕ್ಕೇ ಸಂದಿಗೆ ಮೆತ್ತನೆಯ ನೂಲು ತುಂಬುವುದು. ಜೀವಮಾನವೆಲ್ಲ ಹಲ್ಲು ತುಂಬಿದ ಕೈಗೆ ಆ ಮಾತು ನೆನಪಾಗಲಿಲ್ಲ.

ನೀರಿಗಿಳಿಸಿದಾಗ ಒಂದು ಹನಿಯೂ ಒಳಬರಲಿಲ್ಲ. ತಳವನ್ನು ಒಣ ಕರವಸ್ತ್ರದಿಂದ ಒರೆಸಿ ಮಗಳಿಗೆ ತೋರಿಸಿ ಬೀಗಿದ. ಎಂಜಿನ್ ಕೂರಿಸಿದರೆ ಹಳೇ ದೋಣಿಯ ಅಂದ ಕೆಡುತ್ತದೆಂದು ಅದನ್ನೂ ಹಾಕಿಸಲಿಲ್ಲ. ಕುಡಿಯುವ ನೀರಿನ ತೊಟ್ಟಿ ತುಂಬಿಸಿ, ಹಾಯಿ ಬಿಚ್ಚಿ, ಅಪ್ಪ ಮಗಳು ಹೊರಟರು.

ದಡ ಕಣ್ಮರೆಯಾದ ಮೇಲೆ ಗಾಳಿ ನಿಂತಿತು. ಹಾಯಿ ಜೋತುಬಿತ್ತು. ಗುಬ್ಬಿ ಲೋಟದಲ್ಲಿಟ್ಟ ನೀರು ಅವಳು ತುಟಿಗಿಡುವ ಮೊದಲೇ ಆರಿಹೋಯಿತು. ಅಡುಗೆಮೂಲೆಯ ಒದ್ದೆ ಬಟ್ಟೆ ಹಪ್ಪಳದಂತೆ ಗರಿಗರಿಯಾಯಿತು. ಮರುದಿನ ತೊಟ್ಟಿಯ ನಲ್ಲಿ ತಿರುಗಿಸಿದರೆ ಬರಿಯ ಉಸಿರು ಬಂತು. ತೊಟ್ಟಿ ಎಲ್ಲೂ ಸೋರಿರಲಿಲ್ಲ. ಆದರೆ ಮಲಗುವ ಕೋಣೆಯ ಹಲಗೆಗಳು ಮಾತ್ರ ಬೆವರಿದಂತೆ ಮಿನುಗುತ್ತಿದ್ದವು, ಉಬ್ಬಿ ಒಂದನ್ನೊಂದು ಒತ್ತಿ ನರಳುತ್ತಿದ್ದವು. ರೇಡಿಯೊ ಗೊರಗೊರ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲಿಲ್ಲ.

“ಅಪ್ಪಾ, ಅಳು ಬರ್ತಿದೆ. ಕಣ್ಣಲ್ಲಿ ನೀರೇ ಬರ್ತಿಲ್ಲ,” ಎಂದಳು ಗುಬ್ಬಿ.

ಬಾಯಿ ನೋಡುವುದು ಅವನ ಕಸುಬು. ಮಗಳ ಬಾಯಿ ತೆರೆಸಿ ನೋಡಿದ. ಜೊಲ್ಲಿನ ಒಂದು ಎಳೆಯೂ ಇಲ್ಲ. ನಾಲಿಗೆ ಅಂಗುಳಿಗೆ ಅಂಟಿತ್ತು, ತುಟಿ ಸೀಳಿತ್ತು, ಸೀಳಿದಲ್ಲಿ ರಕ್ತ ಕೂಡ ಬರುತ್ತಿರಲಿಲ್ಲ. ಅದೇ ಕ್ಷಣ ಕಾಲ ಕೆಳಗಿನಿಂದ ಒದ್ದೆ ಕೂದಲಿನ ವಾಸನೆ ಎದ್ದಿತು.

ನೆಲಹಲಗೆ ಕಿತ್ತ. ಸಂದು ಮತ್ತೆ ಸಮುದ್ರದ ನೀರನ್ನೇ ಕುಡಿಯಲೆಂದು ಉಳಿ ಹಿಡಿದು ಇಳಿದ. ಮೇಲೆ ಸುಡುಬಿಸಿಲು, ಕೆಳಗೆ ಮಸಿಗತ್ತಲು. ಅಂಟಿಗೆ ಉಳಿಯಿಟ್ಟು ಬಡಿದ. ಗೀರೂ ಬೀಳಲಿಲ್ಲ. ಮತ್ತೆ ಬಡಿದ. ಉಬ್ಬಿದ ಹಲಗೆ ಒಂದು ಕಡೆಯಿಂದ ಒತ್ತುತ್ತಿತ್ತು, ಅವನು ಇನ್ನೊಂದು ಕಡೆಯಿಂದ ಬಡಿಯುತ್ತಿದ್ದ. ಮೂಳೆ ಮುರಿದಂಥ ಸದ್ದಾಯಿತು. ಅಂಟಿನ ಪಟ್ಟಿ ಇಡಿಯಾಗಿ ಸಿಡಿದು ಅವನ ಹಣೆಗೆ ಬಡಿಯಿತು.

ಸಮುದ್ರ ನುಗ್ಗಿತು.

ಹತ್ತಿ ತುರುಕಿದ. ಸಂದು ಉಗಿಯಿತು. ಅಂಗಿ ಹರಿದು ತುರುಕಿದ. ಉಗಿಯಿತು. ನೀರು ಮೊಣಕಾಲಿಗೆ ಬಂತು. ಹುಬ್ಬಿಗೆ ಕೈ ಹಾಕಿದ. ಕಿತ್ತ. ಎದೆಯ ನಾಲ್ಕು ಕೂದಲು ಕಿತ್ತ. ಒತ್ತಿದ. ನಾಲ್ಕು ಕೂದಲಿಗೆ ಯಾವ ಬಾಯಾರಿಕೆ ತೀರುತ್ತದೆ? ನೀರು ತೊಡೆಗೆ ಬಂತು. ಸಂದಿನಿಂದ ಗುಟುಕರಿಸುವ ಸದ್ದು ಬರುತ್ತಿತ್ತು.

“ಅಪ್ಪಾ...” ಮೆಟ್ಟಿಲ ಮೇಲೆ ಗುಬ್ಬಿ ಕೂತಿದ್ದಳು. ಕೈಯಲ್ಲಿ ಕತ್ತರಿಯಿತ್ತು. “ಅವತ್ತು ಆ ಅಜ್ಜಿ ಹೇಳಿದ್ರಲ್ಲ. ನನ್ನ ಜಡೆ ಸಾಕಾಗುತ್ತಾ?”

“ಬೇಡ ಕಂದ! ಬೇಡ!”

ಬೇಡವೆಂದ ಬಾಯಿ ಅವನದೇ, ಕತ್ತರಿ ತೆಗೆದುಕೊಂಡ ಕೈಯೂ ಅವನದೇ. ತಾಯಿ ದಿನಾ ಬಾಚಿ ಬೆಳೆಸಿದ ಜಡೆ. ಕಚಕ್. ಎರಡೂ ಕೈಯಿಂದ ತುರುಕಿದ. ಸಂದು ಅದನ್ನು ಮೆಲ್ಲಗೆ, ಆಸೆಯಿಂದ, ಒಳಗೆಳೆದುಕೊಂಡಿತು. ನುಗ್ಗುವ ನೀರು ಸಣ್ಣದಾಯಿತು. ತೊಟ್ ತೊಟ್ ಎಂದಿತು. ಗುಬ್ಬಿಯ ಕಣ್ಣಿಂದ ದಳದಳ ನೀರಿಳಿಯಿತು. ಮೇಲೆ ಹಾಯಿ ಪಟಪಟನೆ ಹೊಡೆದುಕೊಂಡು ಗಾಳಿ ತುಂಬಿಕೊಂಡಿತು.

ಬಂದರಿಗೆ ಬರುವಷ್ಟರಲ್ಲಿ ಹುಡುಗಿಯ ತುಟಿ ಕೆಂಪಗಾಗಿತ್ತು, ಮಾತು ಚಿಲಿಪಿಲಿಯಾಗಿತ್ತು. ಅವನಿಗೆ ಮತ್ತೆ ಧೈರ್ಯ ಬಂತು. ಮಾಟವಂತೆ, ಮಣ್ಣಂತೆ! ಮಗಳನ್ನು ಎತ್ತಿ ಕಟ್ಟೆಯ ಕಲ್ಲಿನ ಮೇಲೆ ನಿಲ್ಲಿಸಿದ. ಅವಳು ಒಂದು ಹೆಜ್ಜೆಯಿಟ್ಟಳು. ಇನ್ನೊಂದಿಟ್ಟಳು. ಅವಳ ಕೆನ್ನೆ ಒಳಕ್ಕೆ ಸೆಳೆದುಕೊಂಡಿತು. ಬೆರಳುಗಳು ಕಡ್ಡಿಯಂತಾದವು. “ಅಪ್ಪಾ” ಎನ್ನಲು ಬಾಯಿ ತೆರೆದಳು, ಒಣಗಿದ ಉಸಿರು ಬಿಟ್ಟು ಬೇರೇನೂ ಹೊರಡಲಿಲ್ಲ. ಬಾಚಿ ತಬ್ಬಿ ದೋಣಿಗೆ ಹಾರಿದ. ಅವನ ತೋಳಿನಲ್ಲಿ ಅವಳು ಒಣ ಸೌದೆಯಷ್ಟು ಹಗುರವಾಗಿದ್ದಳು. ಹಲಗೆಯ ಮೇಲೆ ಮಲಗಿಸಿದ ಮೇಲೆ ನಿಧಾನವಾಗಿ ಮೈಗೆ ಜೀವ ತುಂಬಿಕೊಂಡಿತು.

ವಿಧವೆ ಒಮ್ಮೆ ಬಂದಳು. ಹುಡುಗಿಯ ಮೋಟುಗೂದಲು ನೋಡಿ ಕಟ್ಟೆಯ ಮೇಲೇ ಕುಸಿದು ಅತ್ತಳು. “ನಮ್ಮತ್ತೆಗೂ ಇಷ್ಟೇ ವಯಸ್ಸಿತ್ತಂತೆ,” ಎಂದಳಷ್ಟೆ.

ಈಗ ಅಪ್ಪ ಮಗಳು ಅದೇ ದೋಣಿಯಲ್ಲಿದ್ದಾರೆ. ಒಂದು ಹಲಗೆಯೂ ಕೊಳೆಯಲು ಅವನು ಬಿಡುವುದಿಲ್ಲ; ಆ ದೋಣಿ ಇರುವಷ್ಟೇ ದಿನ ಅವನ ಮಗಳಿರುವುದು. ಬೆಳಿಗ್ಗೆ ಎದ್ದು ತಳದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಚೆಲ್ಲುತ್ತಾನೆ. ಈಚೆಗೆ ಅವನಿಗೆ ಸೊಂಟ ನೋವು.

“ಅಪ್ಪಾ, ನೀನು ಸತ್ತುಹೋದ್ರೆ ಬಕೆಟ್ ಯಾರು ಎತ್ತುತ್ತಾರೆ?” ಎಂದು ಒಂದು ದಿನ ಗುಬ್ಬಿ ಕೇಳಿದಳು.

ಅವನು ಅಂದೇ ಪೇಟೆಗೆ ಹೋಗಿ, ಅವಳ ಕೈಗೆ ಹಿಡಿಯುವಂಥ ಒಂದು ಪುಟ್ಟ ಬಕೆಟ್ ತಂದುಕೊಟ್ಟ.