ಗುಬ್ಬಿಯಲ್ಲಿ ಸಿಕ್ಕಿಕೊಂಡ ಅಕ್ಷರಗಳು

"ಮುಜೀಬ್ ಅನ್ನೋ ಕಳ್ಳ ಯಾರು ಇಲ್ಲಿ?"

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಪುಟ್ಟ ರೇಡಿಯೊ ರಿಪೇರಿ ಅಂಗಡಿಯಲ್ಲಿ, ಟೇಪ್ ರೆಕಾರ್ಡರಿನ ಹೊಟ್ಟೆಯೊಳಗೆ ಮುಖ ತೂರಿಸಿದ್ದ ತರುಣ ಮೆಲ್ಲಗೆ ತಲೆಯೆತ್ತಿದ.

ಬಾಗಿಲಲ್ಲಿ ಹುಡುಗಿಯೊಬ್ಬಳು ನಿಂತಿದ್ದಳು. ದುಪ್ಪಟ್ಟ ಬಸ್ಸಿನ ಗಾಳಿಗೆ ಜಾರಿತ್ತು. ಮೂಗಿನ ತುದಿ ಕೆಂಪಗಾಗಿತ್ತು. ಕೈಯಲ್ಲಿದ್ದ ಫ್ಲಾಪಿಯನ್ನು ಚಾಕುವಿನ ಹಾಗೆ ಅವನತ್ತ ಚಾಚಿದ್ದಳು.

ಅವನು ಬಾಯಿ ತೆರೆಯುವ ಮೊದಲೇ ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿ ಚೌಡಪ್ಪ ಉತ್ತರ ಕೊಟ್ಟ.

"ಕಳ್ಳ ಅಲ್ಲ ಕಣವ್ವ, ಸೋಮಾರಿ. ನನ್ ರೇಡಿಯೊ ಬಿಚ್ಚಿ ಇಕ್ಕವ್ನೆ, ಯುಗಾದಿ ಹೋಗಿ ಗಣೇಶನ ಹಬ್ಬ ಬಂತು."

"ಸುಮ್ನಿರಣ್ಣ..." ತರುಣ ಎದ್ದು ನಿಂತ. "ನಾನೇ ಮುಜೀಬ್. ಏನ್ ಕದ್ದೆ ಅಂತ ಹೇಳಿ."

"ಅಕ್ಷರ! ನಾನು ಬರೆದ ಅಕ್ಷರ!"

ಹಾಗೆ ಕೂಗಿದಳೇ ಹೊರತು ಫಾಯಿಜಾಳ ಎದೆ ಬೇರೆಯೇ ಬಡಿದುಕೊಳ್ಳುತ್ತಿತ್ತು. ಇವನೇನಾ? ದಿನಾ ಬೆಳಗ್ಗೆ ಯಾರ ಮಾತಿಗೆ ಕಾಯುತ್ತಿದ್ದೆನೋ, ಅವನು ಇವನೇನಾ? ಕಳ್ಳನಿಗೆ ಇಂಥ ಕಣ್ಣು ಇರಬಾರದಿತ್ತು...

ಅದು ತೊಂಬತ್ತಾರನೇ ಇಸವಿ. ಇಂಟರ್ನೆಟ್ ಅನ್ನುವುದು ನಮ್ಮ ಕಡೆಗೆ ಪೇಪರಿನಲ್ಲಿ ಬರುವ ಸುದ್ದಿ ಮಾತ್ರ. ಆದರೆ ಹವ್ಯಾಸದ ಹುಚ್ಚು ಹಿಡಿದ ಕೆಲವರು ಮನೆಯ ಕಂಪ್ಯೂಟರಿಗೆ ಮೋಡೆಮ್ ಎಂಬ ಪೆಟ್ಟಿಗೆ ಹಚ್ಚಿ, ಅದಕ್ಕೆ ಟೆಲಿಫೋನ್ ತಂತಿ ಸಿಕ್ಕಿಸಿ, ಫೋನಿನ ಮೇಲೇ ಫೈಲು, ಪತ್ರ ಹಂಚುವ ಬುಲೆಟಿನ್ ಬೋರ್ಡ್ ನಡೆಸುತ್ತಿದ್ದರು. ಒಬ್ಬರು ಮಾಡಿದ ಫೈಲು ಎಲ್ಲರಿಗೂ ಮುಟ್ಟಬೇಕು, ಫೋನೋ ದುಬಾರಿ. ಅದಕ್ಕೇ ಸರಪಳಿ ಕಟ್ಟಿಕೊಂಡಿದ್ದರು. ದರ ಕಡಿಮೆಯಿರುವ ನಸುಕಿನಲ್ಲಿ ತುಮಕೂರಿನ ಯಂತ್ರ ಗುಬ್ಬಿಗೆ ಫೋನು ಮಾಡಿ ಫೈಲಿನ ಗಂಟು ಒಪ್ಪಿಸುವುದು, ಗುಬ್ಬಿಯದು ಅದನ್ನು ಕುಣಿಗಲ್ಲಿಗೆ ದಾಟಿಸುವುದು. ಆ ಕಡೆಯಿಂದ ಬರುವುದೂ ಇದೇ ದಾರಿಯಲ್ಲಿ ಹಿಂದಿರುಗುವುದು. ಯಂತ್ರಗಳೇ ಮಾತಾಡಿಕೊಳ್ಳುತ್ತಿದ್ದವು. ಮನುಷ್ಯರು ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ತುಮಕೂರಿನ ಬೋರ್ಡು ಇದ್ದದ್ದು ಶೆಟ್ಟಿಹಳ್ಳಿಯಲ್ಲಿ, ಇಸಾಕ್ ಸಾಬರ ಮನೆಯಲ್ಲಿ. ಸಾಬರದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಫೋನು ಅವರ ಹೆಸರಲ್ಲಿತ್ತು, ಹಾಗಾಗಿ ಬೋರ್ಡೂ ಅವರ ಹೆಸರಲ್ಲೇ ಇತ್ತು. ಅವರೋ, ಬೆಕ್ಕು ನೀರನ್ನು ನೋಡುವ ಹಾಗೆ ಕೀಬೋರ್ಡನ್ನು ನೋಡುವವರು. ನಡೆಸುತ್ತಿದ್ದವಳು ಮಗಳು ಫಾಯಿಜಾ.

ಗುಬ್ಬಿಯ ಮುಜೀಬನಿಗೆ ಅದು ಹೇಗೆ ಗೊತ್ತಾಗಬೇಕು? ಇಸಾಕ್ ಸಾಬ್ ಅಂದರೆ ಯಾರೋ ಹಿರಿಯರು ಅಂದುಕೊಂಡ. ಫೈಲಿನ ಜೊತೆ ನಾಲ್ಕು ಮಾತು ಬರೆಯತೊಡಗಿದ.

"ಚಾಚಾ, ಸಲಾಂ. ಅಮ್ಮಿಗೆ ಮಂಡಿನೋವು ಜಾಸ್ತಿಯಾಗಿದೆ. ಮದುವೆಯಾಗು ಅಂತ ದಿನಾ ಜಗಳ. ನನ್ನ ಈ ತಂತಿ ಹುಚ್ಚು ಸಹಿಸೋಳು ಯಾವಳಿದ್ದಾಳೆ, ನೀವೇ ಹೇಳಿ?"

ನಾನು ಚಾಚಾ ಅಲ್ಲ ಅಂತ ಫಾಯಿಜಾ ಅವತ್ತೇ ಹೇಳಬೇಕಿತ್ತು. ನಾಳೆ ಹೇಳೋಣ ಅಂದುಕೊಂಡಳು. ನಾಳೆ ಎನ್ನುವುದು ನಾಡಿದ್ದಾಯಿತು. ಹೇಳಿಬಿಟ್ಟರೆ ಮಾತೇ ನಿಂತುಹೋದರೆ? ಅಮ್ಮಿಯ ಮಂಡಿಗೆ ಬಿಸಿ ಹರಳೆಣ್ಣೆ ಹಚ್ಚು ಅಂತ ಬರೆದಳು. ಬೇಜಾರಾಗಬೇಡ, ನಿನ್ನಂಥವನಿಗೂ ಒಬ್ಬಳು ಇರ್ತಾಳೆ ಅಂತ ಬರೆದು, ತಾನೇ ನಾಚಿ ಮುಖ ಮುಚ್ಚಿಕೊಂಡಳು.

ಈ ನಡುವೆ ಕುಣಿಗಲ್ಲಿನ ಬೋರ್ಡು ನಡೆಸುತ್ತಿದ್ದ ಹನುಮಂತರಾಜು ಮೇಷ್ಟ್ರು ಒಂದು ಕೆಲಸ ಹೇಳಿದರು. ಅವರು ವಯಸ್ಸಾದ ಹೆಂಗಸರಿಗೆ ಓದು ಕಲಿಸುತ್ತಿದ್ದರು. ಅಂಗಡಿಯಲ್ಲಿ ಸಿಗುವ ಪುಸ್ತಕದ ಅಕ್ಷರ ಆ ಕಣ್ಣುಗಳಿಗೆ ಸಾಸಿವೆ ಕಾಳಿನಷ್ಟು. ಅವರು ಮಾಡುತ್ತಿದ್ದ ಹೊಸ ಓದುಪುಸ್ತಕಕ್ಕೆ ಕಂಪ್ಯೂಟರಿನಲ್ಲಿ ದೊಡ್ಡ ದುಂಡಕ್ಷರದ ಫಾಂಟು ಬೇಕಿತ್ತು. ಫಾಯಿಜಾ ಒಪ್ಪಿಕೊಂಡಳು. ಒಂದೊಂದು ಅಕ್ಷರವನ್ನೂ ರಂಗೋಲಿಯ ಹಾಗೆ ಚುಕ್ಕಿ ಇಟ್ಟು ಇಟ್ಟು ಬರೆದಳು. ಪುಸ್ತಕದ ಪುಟಗಳು ಆ ಶನಿವಾರ ಸಂಜೆಯೊಳಗೆ ಕುಣಿಗಲ್ಲಿನ ಪ್ರೆಸ್ಸಿಗೆ ಹೋಗಬೇಕು. ಇಲ್ಲದಿದ್ದರೆ ಮೇಷ್ಟ್ರಿಗೆ ಹಳೇ ಪುಸ್ತಕವೇ ಗತಿ.

ಅವಳು ಒಪ್ಪಿಕೊಂಡ ದಿನವೇ ಇಸಾಕ್ ಸಾಬರೂ ಕಡ್ಡಿ ಮುರಿದ ಹಾಗೆ ಹೇಳಿದ್ದರು. "ಈ ಪುಸ್ತಕ ಆದ್ರೆ ನಿನ್ನ ಯಂತ್ರ ಮನೇಲಿರ್ಲಿ. ಇಲ್ಲಾಂದ್ರೆ ಫೋನು ಪ್ರೆಸ್ಸಿಗೆ, ಕಂಪ್ಯೂಟರು ಮಾರಾಟಕ್ಕೆ. ಆಮೇಲೆ ಅತ್ತರೆ ಕೇಳೋನಲ್ಲ ನಾನು."

ಶನಿವಾರ ಬೆಳಗ್ಗೆ ಮೇಷ್ಟ್ರ ಫೋನು ಬಂತು.

"ತಾಯಿ, ನಿನ್ನ ಅಕ್ಷರ ಎಲ್ಲಮ್ಮ? ಗಂಟು ಬಿಚ್ಚೋಕೆ ಹೋದ್ರೆ 'ಮುಜೀಬ್, ಗುಬ್ಬಿ' ಅಂತ ದೊಡ್ಡದಾಗಿ ಬರ್ತದೆ. ಆಮೇಲೆ ಬಿಚ್ಚೋದೇ ಇಲ್ಲ ಅಂತದೆ."

ಫಾಯಿಜಾ ಫೋನು ಕುಕ್ಕಿದಳು. ಬೇರೆಯವರ ಗಂಟನ್ನು ಹಾಗೆಯೇ ದಾಟಿಸಬೇಕು, ಇದು ಸರಪಳಿಯ ಧರ್ಮ. ಇವನು ಬಿಚ್ಚಿ ತನ್ನ ಹೆಸರು ಹಾಕಿಕೊಂಡನೇ? ನೇರ ಕುಣಿಗಲ್ಲಿಗೇ ಹೋಗಬಹುದೆಂದು ಸಿಟ್ಟಿನಲ್ಲಿ ಹೊಳೆಯಲೇ ಇಲ್ಲ; ಮೂಲ ಫ್ಲಾಪಿಯನ್ನು ಚೀಲಕ್ಕೆ ಹಾಕಿಕೊಂಡವಳೇ ಗುಬ್ಬಿ ಬಸ್ಸು ಹತ್ತಿದ್ದಳು.

ಅವಳ ಮಾತು ಕೇಳುತ್ತಾ ಮುಜೀಬನ ಮುಖ ಬಿಳುಚಿಕೊಂಡಿತು. ಓಡಿಹೋಗಿ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತ.

"ಯಾ ಅಲ್ಲಾ... ತಪ್ಪು ನಂದೇ. ಬಂದ ಗಂಟನ್ನ ಬಿಚ್ಚಿ, ವೈರಸ್ ಇದೆಯಾ ಅಂತ ನೋಡಿ, ಮತ್ತೆ ಕಟ್ಟಿ, ಮೇಲೆ ನನ್ನ ಬೋರ್ಡಿನ ಹೆಸರು ಅಂಟಿಸೋ ಹಾಗೆ ಇಟ್ಟಿದ್ದೆ. ಹೋದ ವಾರ ಹೊಸ ಪ್ರೋಗ್ರಾಮು ಹಾಕ್ದೆ. ಅದು ಕಟ್ಟಿದ ಗಂಟು ಮೇಷ್ಟ್ರ ಹಳೇ ಮೆಷೀನಿಗೆ ಬಿಚ್ಚೋಕಾಗಲ್ಲ!"

"ಹೆಸರು ಯಾಕೆ ಅಂಟಿಸ್ಬೇಕಿತ್ತು?"

"ಆಸೆಗೆ... ಎಲ್ಲೋ ದೂರದ ಊರಲ್ಲಿ ಯಾರೋ ನನ್ನ ಹೆಸರು ನೋಡ್ಲಿ ಅನ್ನೋ ಆಸೆಗೆ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವಳ ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಸಿಗದ ಹಾಗಾಯಿತು.

"ಫ್ಲಾಪಿ ಕೊಡಿ. ಈಗ್ಲೇ ಕಳಿಸೋಣ. ಕುಣಿಗಲ್ಲಲ್ಲಿ ನಾಲ್ಕಕ್ಕೆ ಕರೆಂಟ್ ತೆಗೀತಾರೆ."

ಮೋಡೆಮ್ ಕಿರುಚಿತು, ಗೊರಗುಟ್ಟಿತು, ಆ ಕಡೆಯ ಯಂತ್ರ ಓಗೊಟ್ಟಿತು. ಪರದೆಯ ಮೇಲೆ ಅಂಕಿ ಏರತೊಡಗಿತು. ಅರ್ಧ ದಾಟಿತು. ಮುಕ್ಕಾಲು... ಕಟ್!

ಮತ್ತೆ ಹಚ್ಚಿದ. ಮತ್ತೆ ಕಟ್.

"ಇದೇನ್ಲಾ, ನೀರಿಲ್ಲದ ಬೋರ್‌ವೆಲ್ ಥರ ಕೊರೀತದೆ?" ಅಂದ ಚೌಡಪ್ಪ. ರೇಡಿಯೊ ಮರೆತು ಅವನೂ ಪರದೆಗೆ ಕಣ್ಣು ನೆಟ್ಟಿದ್ದ.

"ಲೈನ್ ಸರಿಯಿಲ್ಲ ಅಣ್ಣ. ದೊಡ್ಡ ಗಂಟು ತಡೆಯಲ್ಲ."

"ಚಿಕ್ಕ ಚಿಕ್ಕದು ಕಟ್ಟಿ!" ಎಂದಳು ಫಾಯಿಜಾ. "ಸ್ವರ ಒಂದು ಗಂಟು, ಕ ಸಾಲು ಒಂದು, ಚ ಸಾಲು ಒಂದು... ಒತ್ತಕ್ಷರ ಕೊನೇಲಿ. ಹಳೇ ಪ್ರೋಗ್ರಾಮಲ್ಲೇ ಕಟ್ಟಿ."

ಅವನು ಅವಳತ್ತ ತಿರುಗಿ ನೋಡಿದ. ಕೂಡಲೇ ಕಟ್ಟತೊಡಗಿದ. ಗಡಿಯಾರ ಮೂರು ದಾಟಿತ್ತು.

ಪ್ರತಿ ಗಂಟಿನ ಜೊತೆಗೂ ಕಳಿಸಿದವರ ಹೆಸರು ಬರೆಯುವ ಜಾಗವಿತ್ತು. ಅವನ ಬೆರಳು ಅಲ್ಲಿ ನಿಂತಿತು.

"ಇಸಾಕ್ ಸಾಬ್ ಅಂತಲೇ ಹಾಕ್ಲಾ? ಚಾಚಾನೂ ನೀವೂ ಸೇರಿ ಮಾಡಿದ್ದಾ? ಚಾಚಾ ಚೆನ್ನಾಗಿದಾರಾ? ನನ್ನ ಮೇಲೆ ಬೇಜಾರಾಗಿದಾರಾ?"

ಫಾಯಿಜಾ ಪರದೆಯತ್ತ ನೋಡಿದಳು. ಹೂಂ ಅಂದುಬಿಡು... ಇನ್ನೊಂದು ವರ್ಷ ಹೀಗೇ ನಡೆಯುತ್ತೆ... ಆದರೆ ಅಕ್ಷರಕ್ಕೆ ಬೇರೆ ಹೆಸರು ಹಾಕಿದ ಅಂತ ಇವನ ಮೇಲೆ ಕೂಗಾಡಿದವಳು ತಾನೇ? ಈಗ ಯಾವ ಬಾಯಲ್ಲಿ ಅಪ್ಪನ ಹೆಸರು ಹೇಳುವುದು?

"ಫಾಯಿಜಾ ಅಂತ ಹಾಕಿ," ಅಂದಳು ಮೆಲ್ಲಗೆ. "ಅಬ್ಬಾಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ. ಮೊದಲಿಂದ್ಲೂ... ನಾನೇ."

ಅವನು ಪೂರಾ ಅವಳತ್ತ ತಿರುಗಿದ.

"ಹರಳೆಣ್ಣೆ ಹಚ್ಚು ಅಂತ ಬರೆದಿದ್ದು?"

"ನಾನೇ."

"ನಿನ್ನಂಥವನಿಗೂ ಒಬ್ಬಳು ಇರ್ತಾಳೆ ಅಂತ..."

ಅವಳು ತಲೆ ತಗ್ಗಿಸಿದಳು.

"ಮನೇಲಿ ಹೇಳಲಾರದ್ದನ್ನೆಲ್ಲ ನಿಮ್ಮ ಹತ್ರ ಹೇಳ್ಕೊಂಡೆ. ಹಿರಿಯರು ಅಂತ ನಂಬಿ ಹೇಳ್ಕೊಂಡೆ. ನೀವು ಅಲ್ಲಿ ಕೂತು ನಗ್ತಾ ಇದ್ರಾ?"

"ಇಲ್ಲ! ನಾನು..."

ಅವನು ಕೇಳಿಸಿಕೊಳ್ಳಲಿಲ್ಲ. ಹೆಸರಿನ ಜಾಗದಲ್ಲಿ 'ಫಾಯಿಜಾ' ಎಂದು ಒತ್ತಿದ. ಆಮೇಲೆ ಅವಳತ್ತ ನೋಡಲೇ ಇಲ್ಲ.

ಗಂಟುಗಳು ಒಂದರ ಹಿಂದೆ ಒಂದು ಹೊರಟವು. ಸ್ವರ ದಾಟಿತು. ವ್ಯಂಜನದ ಸಾಲುಗಳು ದಾಟಿದವು. ಒತ್ತಕ್ಷರದ ಗಂಟು ನಡುವೆ ಕಟ್ ಆಯಿತು, ಮತ್ತೆ ಹಚ್ಚಿದ, ತೆವಳಿ ತೆವಳಿ ಮುಗಿಯಿತು. ನಾಲ್ಕಕ್ಕೆ ಸ್ವಲ್ಪವೇ ಉಳಿದಿತ್ತು. ಬಿಚ್ಚಿತೋ ಇಲ್ಲವೋ ಎಂದು ಮೇಷ್ಟ್ರು ಫೋನು ಮಾಡಿ ಹೇಳಬೇಕು. ಮೂವರೂ ಫೋನನ್ನೇ ನೋಡುತ್ತಾ ಕೂತರು. ಫಾಯಿಜಾ ದುಪ್ಪಟ್ಟದ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳೇ ನೀಲಿಗಟ್ಟಿತ್ತು.

ಟ್ರಿಣ್! ಫಾಯಿಜಾಳೇ ಎತ್ತಿಕೊಂಡಳು.

"ಬಿಚ್ತು ಕಣಮ್ಮಾ!" ಮೇಷ್ಟ್ರ ದನಿ ಚೌಡಪ್ಪನಿಗೂ ಕೇಳಿಸಿತು. "ಪ್ರಿಂಟು ಹೊಡೀತಾ ಇದೆ! ಎಂಥಾ ಮುದ್ದಾದ ಅಕ್ಷರ, ಬೆಣ್ಣೆ ಉಂಡೆ ಉಂಡೆ!"

ಫಾಯಿಜಾ ಅಳುತ್ತಾ ನಕ್ಕಳು. ಜೊತೆಗೆ ನಗುವವರಿಗಾಗಿ ತಿರುಗಿದಳು. ಮುಜೀಬ್ ಬೆನ್ನು ಹಾಕಿಕೊಂಡು ಚೌಡಪ್ಪನ ರೇಡಿಯೊ ಜೋಡಿಸುತ್ತಿದ್ದ.

"ಐದೂಕಾಲಿಗೆ ತುಮಕೂರು ಬಸ್ಸಿದೆ," ಎಂದಷ್ಟೇ ಹೇಳಿದ.

ಪುಸ್ತಕ ಆಗುವುದು ಖಾತ್ರಿಯಾಯಿತು. ಯಂತ್ರವೂ ಮನೆಯಲ್ಲೇ ಉಳಿಯಿತು. ಆದರೆ ಏನು ಸುಖ? ಬೆಳಗಾದರೆ ಗುಬ್ಬಿಯಿಂದ ಗಂಟುಗಳು ಬರುತ್ತಿದ್ದವು, ಮಾತು ಬರುತ್ತಿರಲಿಲ್ಲ. ಮೇಲೆ ಅವನ ಹೆಸರಿನ ಪಟ್ಟಿಯೂ ಇರುತ್ತಿರಲಿಲ್ಲ. ಯಾವ ಪಟ್ಟಿಯ ಸುದ್ದಿ ಕೇಳಿ ಉರಿದಿದ್ದಳೋ, ಈಗ ಅದನ್ನೇ ಹುಡುಕುವ ಹಾಗಾಯಿತು!

ಕ್ಷಮೆ ಕೇಳಿ ತನ್ನ ಹೆಸರಿನಲ್ಲೇ ಬರೆದಳು. "ನಗಲಿಲ್ಲ ಮುಜೀಬ್. ಒಂದು ದಿನವೂ ನಗಲಿಲ್ಲ. ನಿಜ ಹೇಳಿದರೆ ನೀವು ಮಾತು ಬಿಡ್ತೀರಿ ಅಂತ ಹೆದರಿದ್ದೆ. ಈಗ ನಿಜ ಹೇಳಿದ್ದಕ್ಕೇ ಬಿಟ್ರಿ." ಆ ಕಡೆಯಿಂದ ಉತ್ತರವಿಲ್ಲ.

ಪುಸ್ತಕ ಕೊಡುವ ದಿನ ಮೇಷ್ಟ್ರು ಅವಳನ್ನು ಕುಣಿಗಲ್ಲಿಗೆ ಕರೆಸಿದರು. ಇಸಾಕ್ ಸಾಬರೂ ಟೋಪಿ ಸರಿ ಮಾಡಿಕೊಂಡು ಜೊತೆಗೆ ಹೊರಟರು. ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಚಾಪೆಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು.

ಕೊತ್ತಗೆರೆಯಿಂದ ಬಂದಿದ್ದ ಹೊಂಬಾಳಮ್ಮ ಪುಸ್ತಕವನ್ನು ತಿರುವಿ ಹಿಂದಿನ ರಟ್ಟಿನ ಮೇಲೆ ಬೆರಳಿಟ್ಟಳು. ಗದ್ದೆಯಲ್ಲಿ ಕಳೆ ಹುಡುಕುವ ಹಾಗೆ ಬೆರಳು ನಿಧಾನ ಸರಿಯಿತು.

"ಅ...ಕ್ಷ...ರ. ಫಾ...ಯಿ...ಜಾ." ತಲೆಯೆತ್ತಿದಳು. "ಅಕ್ಷರ ಫಾಯಿಜಾ! ಯಾರವ್ವ ಅದು?"

"ಅವಳೇ ಇಲ್ಲಿ ಕೂತಿದಾಳೆ," ಬಾಗಿಲ ಕಡೆಯಿಂದ ದನಿ ಬಂತು.

ಫಾಯಿಜಾ ತಿರುಗಿ ನೋಡಿದಳು. ಮುಜೀಬ್! ಅವನ ತೋಳು ಹಿಡಿದು ಗುಂಡಗಿನ ಹೆಂಗಸೊಬ್ಬರು ಒಳಗೆ ಬರುತ್ತಿದ್ದರು. ಅವನ ತಾಯಿ ರೋಷನ್ ಬೀ. ಮೇಷ್ಟ್ರು ಅವರನ್ನೂ ಕರೆದಿದ್ದರು.

"ನನ್ನ ಮಂಡಿಗೆ ಎಣ್ಣೆ ಹೇಳಿದ ಚಾಚಾ ಎಲ್ಲಿ?" ಎಂದರು ಬರುತ್ತಲೇ. ಫಾಯಿಜಾಳನ್ನು ಮೇಲಿಂದ ಕೆಳಗೆ ನೋಡಿ ಗಲ್ಲ ಹಿಡಿದರು. "ಈ ದಡ್ಡನಿಗೆ ನಾನೇ ಬೈದೆ ಕಣೇ. ಯಾರದೋ ಅಮ್ಮನ ನೋವನ್ನ ನೆನಪಿಟ್ಟು ಕೇಳೋಳು ನಗೋಳಲ್ಲ ಕಣೋ ಅಂತ. ಹೂಂ, ನೀವು ಮಾತಾಡ್ಕೊಳಿ. ಮಂಡಿ ವಾಸಿಯಾಗಿದೆ, ನಾನು ಆ ಕಡೆ ನಡ್ಕೊಂಡೇ ಹೋಗ್ತೀನಿ."

ವರಾಂಡದ ಕಂಬದ ಬಳಿ ಇಬ್ಬರೇ ಉಳಿದರು.

"ನಿಮ್ಮ ಹಳೇ ಮಾತೆಲ್ಲ ಮತ್ತೆ ಓದಿದೆ," ಅಂದ ಮುಜೀಬ್. "ಬರೆದಿದ್ದು ಯಾರು ಅಂತ ಗೊತ್ತಾದ ಮೇಲೆ ಓದಿದೆ. ನಗು ಎಲ್ಲೂ ಸಿಗಲಿಲ್ಲ. ಬೇರೆ ಏನೋ ಸಿಕ್ತು..."

ಅವಳ ಕೆನ್ನೆ ಬಿಸಿಯಾಯಿತು. "ಮತ್ತೆ ಉತ್ತರ ಯಾಕೆ ಬರೀಲಿಲ್ಲ?"

"ಇದನ್ನ ಎದುರಿಗೆ ಕೇಳ್ಬೇಕಿತ್ತು." ಕೈಕಟ್ಟಿ ನಿಂತ. "ಚಾಚಾ, ಒಂದು ಸಲಹೆ ಬೇಕು."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ಕೇಳು ಬೇಟಾ."

"ತುಮಕೂರಲ್ಲಿ ಒಬ್ಬಳು ಹುಡುಗಿ ಇದಾಳೆ. ಸಿಟ್ಟು ಮೂಗಿನ ಮೇಲೆ. ಚೌಡಪ್ಪನ ಎದುರಿಗೇ ನನ್ನ ಕಳ್ಳ ಅಂದ್ಲು. ಅವಳಿಲ್ದೆ ನನಗೆ ಬೆಳಗಾಗ್ತಾ ಇಲ್ಲ. ಮದುವೆಯಾಗ್ತೀಯಾ ಅಂತ ಕೇಳ್ಲಾ?"

"ಅದನ್ನ ಹುಡುಗಿಯ ಅಪ್ಪ ಇಸಾಕ್ ಸಾಬ್ರನ್ನ ಕೇಳ್ಬೇಕು."

"ಒಂದು ವರ್ಷದಿಂದ ನನಗೆ ಗೊತ್ತಿರೋ ಇಸಾಕ್ ಸಾಬ್ರನ್ನೇ ಮೊದಲು ಕೇಳ್ತಾ ಇದೀನಿ!"

ಒಳಗೆ ನಿಜವಾದ ಇಸಾಕ್ ಸಾಬರು ಹೊಂಬಾಳಮ್ಮನ ಪುಸ್ತಕದಲ್ಲಿ ಮಗಳ ಹೆಸರನ್ನು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದರು.

ಫಾಯಿಜಾ ದುಪ್ಪಟ್ಟವನ್ನು ತಲೆಯ ಮೇಲೆ ಎಳೆದುಕೊಂಡಳು.

"ಈ ಇಸಾಕ್ ಸಾಬ್ ಒಪ್ಪಿದಾರೆ," ಅಂದಳು. "ಇನ್ನೊಬ್ರು ಒಳಗಿದಾರೆ, ಹೋಗಿ ಕೇಳಿ."

"ಬೈದ್ರೆ?"

"ಬೈದ್ರೆ ಕಟ್ ಆಯ್ತು ಅಂದ್ಕೊಳ್ಳಿ. ಮತ್ತೆ ಹಚ್ಚಿ... ನಾನು ಲೈನಲ್ಲೇ ಇರ್ತೀನಿ."