ಮಾವನ ಪಾಲಿನ ಪುಡಿ

ಹನುಮಕ್ಕ ಪುಡಿಯ ಪೊಟ್ಟಣದ ಮೂಲೆ ಹರಿದು ಹಿತ್ತಾಳೆ ಲೋಟದ ಹಾಲಿಗೆ ಇನ್ನೇನು ಸುರಿಯಬೇಕು, ಸೊಸೆ ಹೇಮಶ್ರೀ ಕೈಚಾಚಿ ಅದನ್ನು ಕಿತ್ತುಕೊಂಡುಬಿಟ್ಟಳು. ಮದುವೆಯಾಗಿ ಬಂದಂದಿನಿಂದ ಅತ್ತೆಗೆ ಎದುರು ನಿಂತವಳಲ್ಲ. ಈಗ ಏಳು ತಿಂಗಳ ಬಸುರಿ... ತುಮಕೂರಿನ ಬಸ್ಸಿಳಿದು ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದ್ದಳು.

ಹೆಬ್ಬೂರಿನ ಆ ಮನೆಯಲ್ಲಿ ಸಂಜೆ ಕರೆದ ಹಾಲಿನ ಮೊದಲ ಲೋಟ ಯಜಮಾನ ಬೆಟ್ಟಸ್ವಾಮಿಯದು. ಹಬ್ಬದ ಹೋಳಿಗೆಯಾಗಲಿ, ಯಾರಿಗೋ ತಂದ ಟಾನಿಕ್ಕಾಗಲಿ, ಅವರ ಪಾಲು ತೆಗೆದಿಟ್ಟ ಮೇಲೆಯೇ ಉಳಿದವರಿಗೆ. ಹೇಮಶ್ರೀಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಮಗು ನಿಂತಿತು, ಆದರೆ ಸ್ಕ್ಯಾನಿಂಗಿನಲ್ಲಿ ತೂಕ ಕಡಿಮೆ ಕಂಡಿತು. ತುಮಕೂರಿನ ಲೇಡಿ ಡಾಕ್ಟರು ಆರ್ಜಿನಿನ್ ಎಂಬ ಪುಡಿ ಬರೆದುಕೊಟ್ಟರು. ಅದೊಂದು ಅಮೈನೋ ಆಸಿಡ್, ಊಟದಲ್ಲೂ ಇರುವಂಥದ್ದು. ರಕ್ತನಾಳ ಹಿಗ್ಗಿಸಿ ಮಗುವಿಗೆ ರಕ್ತ ಹೋಗಲು ನೆರವಾಗಬಹುದು ಎಂದಿದ್ದರು. ಹೇಮಶ್ರೀ ಮನೆಗೆ ಬಂದು ಇದನ್ನು ಹಾಗೆಯೇ ಸಂತೋಷದಿಂದ ಹೇಳಿದಳು. ಹನುಮಕ್ಕನ ಕಿವಿ ನೆಟ್ಟಗಾದದ್ದು ಆಗಲೇ. ಗಂಡನಿಗೆ ಹಾರ್ಟ್ ಅಟ್ಯಾಕ್ ಆಗಿ, ಆಸ್ಪತ್ರೆಯಿಂದ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ರಕ್ತನಾಳ ಕಟ್ಟಿದ್ದಕ್ಕೇ ಅಲ್ಲವೆ ಅವರ ಎದೆ ನೊಂದದ್ದು? ಅಂದಿನಿಂದ ಪ್ರತಿ ಪೊಟ್ಟಣದಲ್ಲೂ ಅರ್ಧ ಯಜಮಾನರ ಹಾಲಿಗೆ, ಉಳಿದರ್ಧ ಸೊಸೆಗೆ. ಹೇಮಶ್ರೀ ತುಟಿ ಬಿಚ್ಚಲಿಲ್ಲ. ಮಾವನ ಮೇಲೆ ಅವಳಿಗೂ ಅಕ್ಕರೆಯಿತ್ತು.

ಆ ದಿನ ತಪಾಸಣೆಗೆ ಹೋದಾಗ ಡಾಕ್ಟರು, ಪುಡಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದಾಗ ತಲೆ ತಗ್ಗಿಸಿ ಇದ್ದದ್ದನ್ನು ಹೇಳಿದ್ದಳು. ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಹಾರ್ಟ್ ಅಟ್ಯಾಕ್ ಆದವರಿಗೆ ಇದನ್ನು ಕೊಡಬಾರದು, ಹೊರದೇಶದಲ್ಲಿ ಹಾಗೆ ಕೊಟ್ಟು ನೋಡಿದಾಗ ಸಾವು ಹೆಚ್ಚು ಕಂಡು ಪರೀಕ್ಷೆಯನ್ನೇ ನಿಲ್ಲಿಸಿದ್ದರು, ಈಗಿಂದೀಗಲೇ ಬಿಡಿಸಿ ಅವರ ಡಾಕ್ಟರಿಗೆ ತೋರಿಸಿ ಎಂದರು.

ಆದರೆ ಈಗ ಅಡುಗೆಮನೆಯ ಬಾಗಿಲಿಗೆ ಎದುರಾಗಿ ಮಾವ ಕೂತಿದ್ದರು. ಸಾವು ಎಂಬ ಮಾತನ್ನು ಅವರ ಕಿವಿಗೆ ಬೀಳುವಂತೆ ಆಡುವುದು ಹೇಗೆ?

"ಡಾಕ್ಟ್ರು ಬೇಡ ಅಂದ್ರು ಅತ್ತೆ" ಎಂದಷ್ಟೇ ಹೇಳಿದಳು.

"ಡಾಕ್ಟ್ರು ಅಂದ್ರೋ, ನೀನೇ ಅನ್ನಿಸ್ಕೊಂಡ್ ಬಂದ್ಯೋ? ಚಿಟಿಕೆ ಪುಡಿಗೆ ಇಂಗಾಡ್ತೀಯಲ್ಲಮ್ಮಿ... ನಿನ್ ಮಗೀನ ಮುಖ ಇನ್ನೂ ಯಾರೂ ಕಂಡಿಲ್ಲ. ನನ್ ಗಂಡ ಕಣ್ಮುಂದೆ ಕೂತವ್ರೆ."

ಬೆಟ್ಟಸ್ವಾಮಿ ಮೆಲ್ಲಗೆ ನಕ್ಕರು. "ಬುಡು ಹನುಮಿ. ನನ್ ಪಾಲೂ ಆ ಮಗೀಗೇ ಇರ್ಲಿ. ಬರೀ ಹಾಲು ಕೊಡು."

ಡೈರಿಯಿಂದ ಬಂದ ಗಂಡ ಮೋಹನ್‌ಕುಮಾರನಿಗೆ ಹೇಮಶ್ರೀ ಎಲ್ಲವನ್ನೂ ಹೇಳಿದಳು. ಮೈಯಲ್ಲಿ ಏನಾದರೂ ಆಗುತ್ತಿದೆಯೇ ಎಂದು ಮಗ ಕೇಳಿದರೆ, ಚೆನ್ನಾಗಿದ್ದೀನಿ ಎಂದು ಅಪ್ಪ ಕೈಯಾಡಿಸಿದರು. ಬೆಳಗಿನ ಮೊದಲ ಬಸ್ಸಿಗೆ ತುಮಕೂರಿಗೆ ಹೊರಡುವುದೆಂದು ಮಾತಾಯಿತು. ಬೆಳಗಾದಾಗ ಬೆಟ್ಟಸ್ವಾಮಿ ಏಳಲಿಲ್ಲ... ದೇವರ ಗೂಡಿನ ದೀಪ ಇನ್ನೂ ಸಣ್ಣಗೆ ಉರಿಯುತ್ತಿತ್ತು.

ಬಂದ ನೆಂಟರ ಮುಂದೆಲ್ಲ ಹನುಮಕ್ಕನದು ಒಂದೇ ಗೋಳು. "ಅಷ್ಟು ದಿನ ಆ ಪುಡಿ ಕಾಯ್ತು. ಇವ್ಳು ಕಿತ್ಕೊಂಡ್ಲು, ಬೆಳಗಾಗೋದ್ರಲ್ಲಿ ಹೋದ್ರು..." ಹೆಂಗಸರು ಬಸುರಿಯ ಕಡೆ ತಿರುಗಿ ನೋಡಿದರು. ಹೇಮಶ್ರೀ ಕಂಬಕ್ಕೆ ಒರಗಿ ಕೂತೇ ಇದ್ದಳು.

ತಿಥಿ ಮುಗಿದ ಮೇಲೆ ಅವಳೊಬ್ಬಳೇ ಡಾಕ್ಟರ ಹತ್ತಿರ ಹೋಗಿ ಕೇಳಿದಳು. ಆ ಪುಡಿಯಿಂದಲೇ ಎಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು, ಅವರ ಎದೆ ಮೊದಲೇ ಸೋತಿತ್ತು ಎಂದರು. ರಾತ್ರಿ ಕೋಣೆಯಲ್ಲಿ ಅವಳ ಬಾಯಿಂದ ಅದನ್ನು ಕೇಳಿದ ಮೋಹನ್‌ಕುಮಾರ ತಡೆಯಲಾರದೆ ಎದ್ದು ನಿಂತ.

"ಅವ್ವಂಗೆ ಇವತ್ತೇ ಹೇಳ್ಬಿಡ್ತೀನಿ. ಊರವ್ರ ಮುಂದೆಲ್ಲ ನೀನ್ಯಾಕೆ ಬೈಸ್ಕೋಬೇಕು?"

ಹೇಮಶ್ರೀ ಅವನ ತೋಳು ಹಿಡಿದಳು. "ಬೇಡ ಕಣ್ರೀ. ನನ್ನ ಬೈದಾದ್ರೂ ಅತ್ತೆ ಎರಡು ತುತ್ತು ಉಣ್ತಾವ್ರೆ. ತನ್ನ ಕೈಯಾರೆ ಕೊಟ್ಟಿದ್ದು ಹಿಂಗೆ ಅಂತ ಗೊತ್ತಾದ್ರೆ... ಉಣ್ತಾರಾ? ಪುಡಿ ವಿಷ್ಯ ಮನೇಲಿ ಬಾಯ್ಬಿಟ್ಟೋಳೂ ನಾನೇ ಅಲ್ವಾ. ಈ ಮಾತು ನಮ್ಮಿಬ್ಬರಲ್ಲೇ ಇರ್ಲಿ."

ಅವನು ಮುಖ ಒರೆಸಿಕೊಂಡು ಮತ್ತೆ ಕೂತ.

ಕಾರ್ತಿಕದಲ್ಲಿ ಗಂಡು ಮಗು ಹುಟ್ಟಿತು. ಸಣ್ಣದೇ, ಆದರೆ ಗಟ್ಟಿ. ಹೇಮಶ್ರೀಗೆ ತವರಿನಲ್ಲಿ ತಾಯಿಯಿಲ್ಲ. ಬಾಣಂತನ ಅತ್ತೆಯ ಪಾಲಿಗೇ ಬಂತು. ಹನುಮಕ್ಕ ಸೊಸೆಯೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಆದರೂ ಬಚ್ಚಲ ಹಂಡೆ ಒಂದು ದಿನವೂ ತಣ್ಣಗಿರಲಿಲ್ಲ. ಕಾಲು ಚಾಚಿ ಕೂತು, ಮೊಮ್ಮಗನನ್ನು ಅದರ ಮೇಲೆ ಮಲಗಿಸಿ ಹರಳೆಣ್ಣೆ ತಿಕ್ಕುತ್ತಿದ್ದವಳು ಒಂದು ದಿನ ತಟ್ಟನೆ ಕೈ ನಿಲ್ಲಿಸಿದಳು. ಮಗುವಿನ ಹಣೆ ಥೇಟು ಯಜಮಾನರದೇ...

"ತಾತನ ಪಾಲು ಕುಡ್ದು ಬೆಳ್ದವ್ನೆ ಕಳ್ಳ" ಎಂದಳು. ಆಮೇಲೆ ತಲೆಯೆತ್ತಿ, ಅಷ್ಟು ದಿನಗಳಲ್ಲಿ ಮೊದಲ ಸಲ ಸೊಸೆಯ ಮುಖ ನೋಡಿದಳು. "ಅಲ್ವೇನಮ್ಮಿ?"

ಬಾಗಿಲ ಹತ್ತಿರ ಮೋಹನ್‌ಕುಮಾರ ಹಾಲಿನ ಕ್ಯಾನು ಹಿಡಿದು ನಿಂತಿದ್ದ. ಹೇಮಶ್ರೀ ಅವನ ಕಡೆ ನೋಡಲಿಲ್ಲ.

"ಹೂಂ ಅತ್ತೆ" ಎಂದಳು. "ಮಾವ ಬುಟ್ಕೊಟ್ರು."

ಹನುಮಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹಂಡೆಯಿಂದ ಬಿಸಿನೀರು ಮೊಗೆದು, ಮಗುವಿನ ನೆತ್ತಿಗೆ ಮೆಲ್ಲನೆ ಹೊಯ್ದಳು.